ಬೇವು ಕುಡಿದ ಪೀಚ್ ಮರ

"ಯಾರೇ ಅದು, ಮರದ ಬುಡಕ್ಕೆ ಮುಸುರೆ ನೀರು ಸುರಿದೋರು?" ಎಂದು ನಮ್ಮತ್ತೆ ಮರಿದೇವಮ್ಮ ನಡುಮನೆಯಿಂದ ಕೂಗಿದರೆ ನಾನು ಅಡುಗೆಮನೆಯಲ್ಲಿ ತೆಪ್ಪಗಿರುತ್ತಿದ್ದೆ. ಸುಳ್ಳು ಹೇಳುವಂತಿರಲಿಲ್ಲ. ಅವರ ಬಾಯಿಗೆ ಬಂದ ಮುಸುರೆಯ ರುಚಿ ನನ್ನ ಬಾಯಿಗೂ, ಪೇಟೆಬೀದಿಯ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ನನ್ನ ಗಂಡ ರೇವಣ್ಣನ ಬಾಯಿಗೂ ಅದೇ ಹೊತ್ತಿಗೆ ಬಂದಿರುತ್ತಿತ್ತು. ನಮ್ಮೂರಿನ ಪ್ರತಿ ಮನೆಯ ಹಿತ್ತಲಲ್ಲೂ ಒಂದು ಪೀಚ್ ಮರ. ಅದು ಏನು ಕುಡಿಯುತ್ತದೋ ಅದರ ರುಚಿ ಮನೆಮಂದಿಗೆಲ್ಲ. ಮದುವೆಯಾಗಿ ಬಂದ ಹೆಣ್ಣು ಗಂಡನ ಮನೆಯ ಮರದ ಹಣ್ಣು ತಿಂದ ಗಳಿಗೆಯಿಂದ ತವರಿನ ಮರದ ಸಂಬಂಧ ಕಡಿದುಹೋಗಿ ಈ ಮರಕ್ಕೆ ಸೇರಿಬಿಡುತ್ತಾಳೆ. ಮೊದಲ ಮಳೆ ಬಿದ್ದ ದಿನ ಊರಿಗೆ ಊರೇ ಬಾಯಿ ಚಪ್ಪರಿಸುತ್ತದೆ.

ಇದಕ್ಕೆ ಹೊಂದಿಕೊಂಡು ಬದುಕುವುದನ್ನು ನಾವು ಚೆನ್ನಾಗಿಯೇ ಕಲಿತಿದ್ದೆವು. ಜಗಳವಾಡಿದ ನೆರೆಯವರು ಗೋಡೆಯಾಚೆಯಿಂದ ಒಂದು ಚೊಂಬು ಉಪ್ಪುನೀರು ಎರಚುತ್ತಿದ್ದರು. ಕಾಯಿಲೆಯವರಿಗೆ ಗಂಜಿ ಸೇರದಿದ್ದರೆ ಮರದ ಬುಡಕ್ಕೆ ನಿಂಬೆಹಣ್ಣು ಹಿಂಡುತ್ತಿದ್ದರು. ಹಬ್ಬದ ದಿನ ಬೆಲ್ಲದ ನೀರು ಹಾಕಿದರಂತೂ ಎರಡು ದಿನ ಬಾಯಿ ಸಿಹಿಯಾಗಿರುತ್ತಿತ್ತು. ಹಬ್ಬಕ್ಕೆಂದು ಶುರುವಾದ ಈ ಬೆಲ್ಲ ಆಮೇಲೆ ಸೋಮವಾರಕ್ಕೆ ಬಂತು, ನಾನು ಸೊಸೆಯಾಗಿ ಬರುವ ಹೊತ್ತಿಗೆ ದಿನಾ ಬೆಳಗಿನ ಕೆಲಸವಾಗಿತ್ತು. ಮಾಗಿ ಉದುರಿದ ಹಣ್ಣನ್ನು ಯಾರೂ ಎತ್ತುತ್ತಿರಲಿಲ್ಲ. ಅದು ಬುಡದಲ್ಲೇ ಕೊಳೆತರೆ ಬಾಯಿಗೆ ಲೇಸಾಗಿ ಹೆಂಡದ ರುಚಿ ಹತ್ತುತ್ತದೆಂದು ಗಂಡಸರು ಗುಡಿಸಲು ಬಿಡುತ್ತಿರಲಿಲ್ಲ. ನಮ್ಮ ಬೀದಿಯ ಯಜಮಾನರಾದ ಪಂಚಾಕ್ಷರಪ್ಪನವರು ವರ್ಷಕ್ಕೊಮ್ಮೆ ಪಾನಕದ ಹಬ್ಬದ ದಿನ ಹಿತ್ತಾಳೆ ಕೊಡ ಹಿಡಿದು ಮನೆಮನೆಗೆ ಹೋಗಿ ಎಲ್ಲರ ಮರಕ್ಕೂ ಒಂದೇ ಕೊಡದ ಬೆಲ್ಲದ ನೀರು ಎರೆಯುತ್ತಿದ್ದರು. ಬೀದಿಗೆಲ್ಲ ಒಂದೇ ಬಾಯಿ ಎಂದು ಅದರ ಅರ್ಥ. ಆಮೇಲೆ ಬೀದಿಯಲ್ಲೇ ಪಂಕ್ತಿ ಊಟ. ಆ ಊಟದ ಅಡುಗೆ ಪ್ರತಿವರ್ಷ ನನ್ನದು.

ಅಡುಗೆ ನನ್ನ ಕಸುಬು. ಮದುವೆಯಿರಲಿ, ನಾಮಕರಣವಿರಲಿ, ಒಲೆ ಹೂಡುವ ಮುಂಚೆ ನನ್ನನ್ನು ಕರೆಯುತ್ತಿದ್ದರು. ಕುದಿಯುವ ಕೊಪ್ಪರಿಗೆಯಿಂದ ಸೌಟಿನ ತುದಿಯಲ್ಲಿ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದರೆ ಸಾಕು, ಏನು ಕಡಿಮೆ ಏನು ಹೆಚ್ಚು ಎಂದು ನನಗೆ ತಿಳಿಯುತ್ತಿತ್ತು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ರೂಪವಿಲ್ಲ, ಓದಿಲ್ಲ, ಮಕ್ಕಳಾಗಲಿಲ್ಲ, ನಾಲಗೆಯೊಂದು ಚೆನ್ನಾಗಿತ್ತು.

ಆ ನಾಲಗೆ ಹೋಗುವುದೆಂದರೆ ಏನೆಂದು ನಾನು ಹತ್ತಿರದಿಂದ ಕಂಡಿದ್ದೆ. ನನಗೆ ಸೌಟು ಹಿಡಿಯಲು ಕಲಿಸಿದ ಸಿದ್ದಗಂಗಮ್ಮನ ಮರ ಒಂದು ಬೇಸಿಗೆಯಲ್ಲಿ ಒಣಗಿಹೋಯಿತು. ಮರ ಸತ್ತರೆ ಆ ಮನೆಯವರಿಗೆ ರುಚಿಯೆಂಬುದೇ ಇಲ್ಲ. ಹೊಸ ಗಿಡ ನೆಟ್ಟರೂ ಅದು ಮುಂದೆ ಹುಟ್ಟುವವರಿಗೆ, ಮುಂದೆ ಸೊಸೆಯಾಗಿ ಬರುವವರಿಗೆ. ಅಂಥ ಮನೆಗೆ ಸಪ್ಪೆಮನೆ ಎಂದು ಹೆಸರು. ಸಿದ್ದಗಂಗಮ್ಮ ಒಂದು ಮದುವೆಯಲ್ಲಿ ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದಳು. ಆಮೇಲೆ ಅವಳನ್ನು ಎಲೆ ತೊಳೆಯಲು ಕೂಡ ಯಾರೂ ಕರೆಯಲಿಲ್ಲ. ನಾನು ಹೋದಾಗಲೆಲ್ಲ ಅವಳು ಅನ್ನವನ್ನು ಅಗಿಯುತ್ತಾ ಗೋಡೆ ನೋಡುತ್ತಿರುತ್ತಿದ್ದಳು. "ಹೊತ್ತಾಯ್ತು ಅಂತ ತಿಂತೀನಿ ಕಣೆ ದಾಕ್ಷಿ" ಎನ್ನುತ್ತಿದ್ದಳು.

ಈ ವರ್ಷ ಸುಗ್ಗಿ ಮುಗಿದ ಮೇಲೆ ಒಂದು ನಾಮಕರಣದ ಅಡುಗೆಗೆ ಹೋಗಿದ್ದೆ. ಸಾರು ಚೆನ್ನಾಗಿ ಬಂದಿದೆ ಎಂದುಕೊಂಡೇ ಬಡಿಸಿದೆ. ನಮ್ಮೂರಿನವರು ಸೊರ್ ಸೊರ್ ಎಂದು ಕುಡಿದರು. ಆದರೆ ಬೇರೆ ಊರಿನಿಂದ ಬಂದಿದ್ದ ಬೀಗರು ಮೊದಲ ತುತ್ತಿಗೇ ಮುಖ ಕಿವುಚಿ ನೀರಿನ ಲೋಟಕ್ಕೆ ಕೈ ಹಾಕಿದರು. ಅವರಲ್ಲೊಬ್ಬಾಕೆ ಮೆಲ್ಲಗೆ, "ಹುಳಿ ಜಾಸ್ತಿ ಆಯ್ತೇನೋ" ಎಂದರು. ನಾನು ಒಳಗೆ ಹೋಗಿ ಹುಣಸೆಯ ಒಂದು ಎಸಳನ್ನು ಹಾಗೇ ಬಾಯಿಗೆ ಹಾಕಿಕೊಂಡೆ. ನಾರು ನಾರಾಗಿ ಹಲ್ಲಿಗೆ ಸಿಕ್ಕಿತು. ಹುಳಿ ಬರಲಿಲ್ಲ. ನಾಲಗೆಯ ಒಂದು ಮಗ್ಗುಲಲ್ಲಿ ಮರದ ಹೊಟ್ಟು ಜಗಿದ ಹಾಗೆ ಏನೋ ಒಂದು.

ಮನೆಗೆ ಬಂದವಳೇ ಸೀರೆ ಕೂಡ ಬದಲಿಸದೆ ಹಿತ್ತಲಿಗೆ ಹೋದೆ. ದಿನಾ ನೋಡುತ್ತಿದ್ದ ಮರವನ್ನು ಅವತ್ತು ಬಗ್ಗಿ ನೋಡಿದೆ. ಬೆಲ್ಲದ ನೀರು ಕುಡಿದು ಕುಡಿದು ಬುಡದ ಮಣ್ಣು ಯಾವಾಗಲೂ ಒದ್ದೆ, ಅಂಟು ಅಂಟು. ತೊಗಟೆ ಮೆತ್ತಗಾಗಿ ಅದರೊಳಗಿಂದ ಕಂದು ಬಣ್ಣದ ಅಂಟು ಉಕ್ಕಿ, ಆ ಅಂಟಿಗೆ ಮರದ ಹೊಟ್ಟು ಮೆತ್ತಿಕೊಂಡಿತ್ತು. ಇರುವೆಗಳ ಸಾಲು ಬುಡದಿಂದ ತುದಿಯವರೆಗೆ. ಚಿಗುರೆಲೆಗಳು ಮುದುರಿ ಒಳಗೆಲ್ಲ ಹಸಿರು ಹೇನು. ಹೇನಿನ ಮೈಯಿಂದ ಜಿನುಗುವ ಸಿಹಿಗಾಗಿ ಇರುವೆಗಳು ಅವನ್ನು ಸಾಕಿಕೊಂಡಿದ್ದವು. ಕೊಳೆತ ಹಣ್ಣಿನ ಮೇಲೆ ನೊಣ, ಹಣ್ಣು ಒಡೆದರೆ ಬಿಳಿ ಹುಳು. ನಾಲಗೆ ಸಿಹಿಯಾಗಲಿ ಎಂದು ನಾವು ಹಾಕಿದ್ದೆಲ್ಲ ಇವುಗಳಿಗೆ ಹಬ್ಬದೂಟವಾಗಿತ್ತು. ಚಾಕುವಿನಿಂದ ಅಂಟನ್ನು ಕೆರೆದರೆ ಕೆಳಗೆ ರಂಧ್ರ, ರಂಧ್ರದೊಳಗೆ ಕೊರಕ ಹುಳು.

ಅವತ್ತೇ ನಿರ್ಧಾರ ಮಾಡಿದೆ. ರೇವಣ್ಣನ ಹಳೇ ಸೈಕಲ್ಲಿನ ಚಕ್ರದಿಂದ ಒಂದು ಕಡ್ಡಿ ಬಿಚ್ಚಿ, ತುದಿ ಬಗ್ಗಿಸಿ, ಒಂದೊಂದೇ ರಂಧ್ರಕ್ಕೆ ತೂರಿಸಿ ಹುಳುಗಳನ್ನು ಎಳೆದು ಹಾಕಿದೆ. ಕಬ್ಬಿಣ ಮರಕ್ಕೆ ತಾಗಿದಾಗಲೆಲ್ಲ ಬಾಯಲ್ಲಿ ತುಕ್ಕಿನ ರುಚಿ. ಅಂಗಡಿಯಿಂದ ರೇವಣ್ಣ ದವಡೆ ಹಿಡಿದುಕೊಂಡು ಓಡಿಬಂದರು.

"ಏನ್ ಮಾಡ್ತಿದೀಯೇ? ಯಾರೋ ನನ್ ಬಾಯೊಳಗೆ ಮೊಳೆ ಹೊಡೀತಾ ಇದಾರೆ."

"ಮೊಳೆ ಅಲ್ಲ, ನಿಮ್ಮ ಸೈಕಲ್ ಕಡ್ಡಿ" ಎಂದೆ. "ಅಂಗಡಿಗೆ ಹೋಗಿ. ನಾಳೆಯಿಂದ ಇನ್ನೂ ಕೆಟ್ಟದಾಗಿರತ್ತೆ."

ಮಾರನೇ ದಿನ ಬೆಲ್ಲ ನಿಲ್ಲಿಸಿದೆ. ಬುಡದ ಅಂಟು ಮಣ್ಣನ್ನು ಕೆರೆದು ತೆಗೆದು ಒಣ ಮಣ್ಣು ಹಾಕಿದೆ. ಬಿದ್ದ ಹಣ್ಣನ್ನೆಲ್ಲ ಆರಿಸಿ ದೂರದಲ್ಲಿ ಆಳವಾಗಿ ಗುಂಡಿ ತೋಡಿ ಮುಚ್ಚಿದೆ. ರಂಧ್ರಗಳಿಗೆ ಸಗಣಿ ಬೆರೆಸಿದ ಜೇಡಿಮಣ್ಣು ಮೆತ್ತಿ, ಕಾಂಡಕ್ಕೆ ಸುಣ್ಣ ಬಳಿದೆ. ಬೇವಿನ ಹಿಂಡಿ ನೆನೆಸಿದ ನೀರನ್ನು ಬುಡಕ್ಕೆ ಹಾಕಿ, ಬೇವಿನೆಣ್ಣೆಗೆ ಸೋಪಿನ ನೀರು ಸೇರಿಸಿ ಎಲೆಗಳಿಗೆ ಎರಚಿದೆ. ಎರಚಿ ಮುಗಿಸುವುದರೊಳಗೆ ಕಹಿ ಗಂಟಲಿನವರೆಗೂ ಇಳಿದಿತ್ತು. ಅಂಥ ಕಹಿಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಕುಡಿದ ನೀರು ಕಹಿ, ನುಂಗಿದ ಉಗುಳು ಕಹಿ. ಅದರ ಮೇಲೆ ಸೋಪಿನ ರುಚಿ ಬೇರೆ.

ರೇವಣ್ಣ ಕಾಫಿ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. ಬಯ್ಯುವ ಜಾಯಮಾನದವರಲ್ಲ. "ಎಷ್ಟು ದಿನ?" ಎಂದರು.

"ಮರ ಸರಿಯಾಗೋವರೆಗೂ."

"ಹಂಗಾದ್ರೆ ಕಾಫಿಪುಡಿ ಉಳೀತದೆ ಬಿಡು" ಎಂದು ಎದ್ದುಹೋದರು.

ಅತ್ತೆ ಹಾಗೆ ಬಿಡುವವರಲ್ಲ. ಊಟದ ತಟ್ಟೆಯನ್ನು ನನ್ನ ಕಡೆಗೆ ತಳ್ಳಿದರು. ಇಡೀ ದಿನ ಮಾತಾಡಲಿಲ್ಲ, ಮರುದಿನ ಮಾತು ನಿಲ್ಲಿಸಲಿಲ್ಲ. ಒಂದು ಮಧ್ಯಾಹ್ನ ನಾನು ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ಬಾಯಿ ಇದ್ದಕ್ಕಿದ್ದಂತೆ ಸಿಹಿಯಾಯಿತು. ಹಳೇ ಬೆಲ್ಲ, ಅದೂ ಗಟ್ಟಿಯಾಗಿ ಕರಗಿಸಿದ್ದು. ಚೀಲ ಅಲ್ಲೇ ಬಿಟ್ಟು ಮನೆಗೆ ಓಡಿದೆ. ಅತ್ತೆ ಮರದ ಬುಡದಲ್ಲಿ ಖಾಲಿ ಚೊಂಬು ಹಿಡಿದು, ಕಣ್ಣು ಮುಚ್ಚಿ ನಿಂತಿದ್ದರು. ಕಳ್ಳತನ ಬಯಲಾಗುತ್ತದೆಂದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೇ ಮಾಡಿದ್ದರು.

"ಅತ್ತೆ, ಈ ಮರ ಸಾಯ್ತಾ ಇದೆ. ಬೆಲ್ಲ ಹಾಕಿದ್ರೆ ಇನ್ನೂ ಬೇಗ ಸಾಯತ್ತೆ. ಆಮೇಲೆ ಸಿಹೀನೂ ಇಲ್ಲ, ಕಹೀನೂ ಇಲ್ಲ."

"ಆಮೇಲೆ ಅನ್ನೋದು ನಿಂಗೆ. ಅಷ್ಟೊತ್ತಿಗೆ ನಾನು ಹೋಗಿರ್ತೀನಿ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನಂಗೆ ವಯಸ್ಸಾಯ್ತು ದಾಕ್ಷಿ. ಖಾರ ಹತ್ತಲ್ಲ, ಹುಳಿ ಹತ್ತಲ್ಲ, ಉಪ್ಪು ಅಷ್ಟಕ್ಕಷ್ಟೆ. ಸಿಹಿಯೊಂದು ಉಳಿದಿತ್ತು. ಅದನ್ನೂ ಕಿತ್ಕೊಂಡು ಬಾಯಿಗೆ ಬೇವು ತುರುಕ್ತೀಯಲ್ಲ, ಇನ್ನೆಷ್ಟು ತುತ್ತು ತಿಂತೀನಿ ಅಂತ?"

ಅವರು ಕೇಳಿದ್ದು ನ್ಯಾಯವಾಗಿತ್ತು. ಪಾಪ ಎನಿಸಿತು, ಆದರೂ ಸುಮ್ಮನಾಗಲಿಲ್ಲ. ಬೆಲ್ಲ ಬಿದ್ದ ಮಣ್ಣನ್ನು ಅವರ ಕಣ್ಣೆದುರೇ ಬಾಚಿ ತೆಗೆದು, ಮತ್ತೆ ಬೇವಿನ ನೀರು ಹಾಕಿದೆ. ಅವರು ಚೊಂಬನ್ನು ಅಲ್ಲೇ ಇಟ್ಟು ಒಳಗೆ ಹೋದರು.

ನಮ್ಮ ಮನೆ ಕಹಿ ಮನೆಯಾಯಿತೆಂಬ ಸುದ್ದಿ ಬೀದಿಗೆಲ್ಲ ಹಬ್ಬಿತು. ಗೋಡೆಯಾಚೆಯ ಗೌರಾಂಬ ಒಂದು ಹಿಡಿ ನೆಲ್ಲಿಕಾಯಿ ಕೊಡಲು ಬಂದವಳು ನನ್ನ ಬೇವಿನ ಡಬ್ಬ ನೋಡಿ ಮೂಗು ಮುಚ್ಚಿಕೊಂಡು ಹಿಂದೆ ಸರಿದಳು. ಗೌರಾಂಬ ಚಿಕ್ಕವಳು, ನನ್ನ ಜೊತೆ ಮದುವೆ ಮನೆಗಳಲ್ಲಿ ತರಕಾರಿ ಹೆಚ್ಚಲು ಬರುತ್ತಿದ್ದವಳು. ಅವಳ ಮರದ ಬುಡದಲ್ಲಿ ಕೊಳೆತ ಹಣ್ಣು ರಾಶಿ ಬಿದ್ದಿತ್ತು. ಅಲ್ಲಿಯ ನೊಣ ನಮ್ಮ ಮರಕ್ಕೆ ಬರುತ್ತದೆ, ಅದನ್ನು ಹೂಳು ಎಂದೆ. "ಅಯ್ಯೋ, ನಮ್ಮೋರು ಸುಮ್ನಿರ್ತಾರಾ ಅಕ್ಕ" ಎಂದಳು. ಅವಳು ನೀರಿಗೆ ಹೋದಾಗ ನಾನೇ ಗೋಡೆ ಹಾರಿ, ಬುಟ್ಟಿ ತುಂಬ ಬಾಚಿ ತಂದು ಹೂತೆ. ಸಂಜೆ ಅವಳ ಗಂಡ ಜಗುಲಿಯಲ್ಲಿ ನಿಂತು ಬಾಯಿ ಸಪ್ಪೆಯಾಯಿತೆಂದು ಕೂಗಾಡುವುದು ಕೇಳಿಸಿತು. ನಾನು ನಗುತ್ತಾ ಕೈ ತೊಳೆದುಕೊಂಡೆ.

ಪಂಚಾಕ್ಷರಪ್ಪನವರು ಬಂದು ಜಗುಲಿಯ ಮೇಲೆ ಕೂತರು. ನಮ್ಮ ಮನೆಯಲ್ಲಿ ಏನನ್ನೂ ಮುಟ್ಟಲಿಲ್ಲ.

"ದಾಕ್ಷಾಯಿಣಿ, ಬೀದಿಗೊಂದು ಬಾಯಿ ಅಂತ ಹಿರಿಯರು ಮಾಡಿಟ್ಟಿದಾರೆ. ಹಬ್ಬ ಹತ್ರ ಬಂತು. ಕಹಿ ಬಾಯಲ್ಲಿ ಬೀದಿಗೆ ಅಡುಗೆ ಮಾಡ್ತೀಯಾ?"

"ಹುಳ ತಿಂದ ಬಾಯಲ್ಲಿ ಮಾಡೋದಕ್ಕಿಂತ ವಾಸಿ ಯಜಮಾನರೇ."

"ನಮ್ಮ ಮನೇ ಮರಕ್ಕೂ ಅಂಟು ಬರ್ತದೆ. ಮರ ಅಂದ್ಮೇಲೆ ಅಂಟು ಇರ್ತದೆ."

"ಅದರೊಳಗೆ ಹೊಟ್ಟು ಇದೆಯಾ ನೋಡಿದೀರಾ?"

ಅವರು ಎದ್ದು ನಿಂತರು. "ಹಬ್ಬದ ದಿನ ಕೊಡ ತರ್ತೀನಿ. ನಿನ್ನ ಮರ ಪಾನಕ ಕುಡಿದ್ರೆ ಅಡುಗೆ ನಿಂದು. ಇಲ್ಲಾಂದ್ರೆ ಈ ವರ್ಷ ಮಾತ್ರ ಅಲ್ಲ, ಯಾವ ಮನೇಲೂ ನಿನ್ನ ಸೌಟಿಗೆ ಕೆಲಸ ಇರಲ್ಲ. ಯೋಚನೆ ಮಾಡು."

ಯೋಚನೆ ಮಾಡಿದೆ. ಯೋಚನೆ ಮಾಡಿದಷ್ಟೂ ರೇಗಿತು. ಸೌಟು ಉಳಿಸಿಕೊಳ್ಳಲು ನಾಲಗೆ ಕೊಡಬೇಕಂತೆ. ನಾಲಗೆ ಕೊಟ್ಟ ಮೇಲೆ ಸೌಟು ಹಿಡಿದು ಏನು ಮಾಡುವುದು, ಸಿದ್ದಗಂಗಮ್ಮನ ಹಾಗೆ ಗೋಡೆ ನೋಡುವುದೇ? ಅವತ್ತು ಹೊಗೆಸೊಪ್ಪಿನ ಕಷಾಯವನ್ನೂ ಕಾಯಿಸಿ ಕಾಂಡದ ಬಿರುಕುಗಳಿಗೆ ಸವರಿದೆ. ರೇವಣ್ಣ ಅಂಗಡಿಯಲ್ಲಿ ಮೂರು ಸಲ ವಾಂತಿ ಮಾಡಿಕೊಂಡರಂತೆ. ಹೊಗೆಸೊಪ್ಪು ಅತಿಯಾಯಿತು, ಅದನ್ನು ಮಾತ್ರ ಬಿಟ್ಟೆ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಮಜ್ಜಿಗೆ ಅನ್ನ ಕಲಸಿ ಅತ್ತೆಗೆ ಕೊಟ್ಟು ನಾನೂ ತಟ್ಟೆ ಹಾಕಿಕೊಂಡೆ. ಅತ್ತೆ ಒಂದು ತುತ್ತು ಬಾಯಿಗಿಟ್ಟು ಸುಮ್ಮನೆ ಕೂತುಬಿಟ್ಟರು. ಕಹಿಗೆ ಹೇಸಿದರೇನೋ ಎಂದುಕೊಂಡೆ. ಅವರ ಕಣ್ಣಲ್ಲಿ ನೀರು ಬಂತು.

"ಮಜ್ಜಿಗೆ ಹುಳಿ ಬಂದಿದೆ" ಎಂದರು.

ನಾನೂ ಬಾಯಿಗಿಟ್ಟುಕೊಂಡೆ. ಕಹಿ ಇತ್ತು. ಕಹಿಯ ಹಿಂದೆ, ನಾಲಗೆಯ ಆ ಸತ್ತ ಮಗ್ಗುಲಲ್ಲಿ, ಹುಳಿ ಚುರ್ ಎಂದಿತು. ಎರಡು ದಿನದ ಮಜ್ಜಿಗೆ ಅದು. ಇಷ್ಟು ಖುಷಿಯಿಂದ ಹುಳಿ ಮಜ್ಜಿಗೆ ಅನ್ನ ಉಂಡವರು ಊರಲ್ಲಿ ಬೇರಾರೂ ಇರಲಾರರು. ಅತ್ತೆ ಉಪ್ಪಿನಕಾಯಿ ಕೇಳಿದರು. ನೆಕ್ಕಿದರು, ಮತ್ತೆ ನೆಕ್ಕಿದರು. ಆಮೇಲೆ ಅವರ ಮುಖ ಕೆಂಪಾಯಿತು.

"ವಯಸ್ಸು ಅಂದ್ಕೊಂಡಿದ್ದೆನಲ್ಲೇ" ಎಂದರು. "ನಂಗೆ ವಯಸ್ಸಾಯ್ತು, ಅದಕ್ಕೇ ಏನೂ ಹತ್ತಲ್ಲ ಅಂದ್ಕೊಂಡು, ಹತ್ತೋ ಸಿಹೀನೇ ಸುರ್ಕೊಂಡೆ. ಸುರಿದಷ್ಟೂ ಹುಳ ತಿಂತು. ಇಷ್ಟು ದಿನ ಸಪ್ಪೆ ಉಂಡೆನಲ್ಲೇ ಈ ಹುಳುಗಳಿಂದ."

ಆಗ ನನಗೆ ನಾಮಕರಣದ ಮನೆಯ ಸಾರು ನೆನಪಾಯಿತು. ಬೇರೆ ಊರಿನವರಿಗೆ ಕುಡಿಯಲಾಗದ ಹುಳಿಯನ್ನು ನಮ್ಮವರು ಸೊರ್ ಸೊರ್ ಎಂದು ಕುಡಿದಿದ್ದರು. ಬೀದಿಗೆ ಬೀದಿಯೇ ಹೀಗಾಗಿತ್ತು, ಸಿಹಿಯೊಂದು ಉಳಿದಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

ಹಬ್ಬದ ಬೆಳಿಗ್ಗೆ ಪಂಚಾಕ್ಷರಪ್ಪನವರು ಹಿತ್ತಾಳೆ ಕೊಡ ಹೊತ್ತವರೊಂದಿಗೆ ನಮ್ಮ ಹಿತ್ತಲಿಗೆ ಬಂದರು. ಹಿಂದೆ ಬೀದಿಯ ಅರ್ಧ ಜನ. ನಾನು ಮರಕ್ಕೆ ಬೆನ್ನು ಕೊಟ್ಟು ನಿಂತೆ.

"ಪಕ್ಕಕ್ಕೆ ಬಾ ತಾಯಿ" ಎಂದರು.

"ಬರಲ್ಲ."

"ಮರಿದೇವಕ್ಕ, ನಿಮ್ಮ ಸೊಸೆಗೆ ಹೇಳಿ. ಮನೆ ನಿಮ್ಮದು, ಮರ ನಿಮ್ಮದು."

ಅತ್ತೆ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದರು. ಸೀರೆ ಸರಿಮಾಡಿಕೊಂಡು ಮರದ ಪಾತಿಯೊಳಗೇ ಕಾಲು ಚಾಚಿ ಕೂತರು. "ಸುರಿಯೋದಾದ್ರೆ ನನ್ನ ತಲೆ ಮೇಲೆ ಸುರೀರಿ ಪಂಚಾಕ್ಷರಪ್ಪ. ಆಮೇಲೆ ನಂಗೆ ಸ್ನಾನ ಮಾಡ್ಸೋಕೆ ನಿಮ್ಮ ಹೆಂಡ್ತೀನ ಕಳ್ಸಿ."

ಯಾರೋ ನಕ್ಕರು. ಪಂಚಾಕ್ಷರಪ್ಪನವರು ನಗಲಿಲ್ಲ. ಕೊಡ ಎತ್ತಿಸಿಕೊಂಡು ಬಾಗಿಲ ಹತ್ತಿರ ನಿಂತು, "ಗೌರಾಂಬ, ಅಡುಗೆಗೆ ಹೋಗು" ಎಂದರು. ಗೌರಾಂಬ ನನ್ನ ಮುಖ ನೋಡದೆ ಹೋದಳು. ನನಗೆ ನೋವಾಯಿತು. ಅವಳಿಗೆ ಒಗ್ಗರಣೆ ಹಾಕುವುದನ್ನು ಕಲಿಸಿದವಳು ನಾನು.

ಊಟಕ್ಕೆ ಹೋಗಬಾರದೆಂದುಕೊಂಡಿದ್ದೆ. ಅತ್ತೆ ಬಿಡಲಿಲ್ಲ. "ಬೀದಿ ಊಟ. ನಾವೂ ಬೀದಿಯೋರೇ" ಎಂದು ಕೈ ಹಿಡಿದು ಎಳೆದುಕೊಂಡು ಹೋಗಿ ಪಂಕ್ತಿಯ ನಟ್ಟನಡುವೆ ಕೂತರು. ರೇವಣ್ಣನೂ ಬಂದು ಪಕ್ಕದಲ್ಲಿ ಕೂತರು. ಎಲೆ ಹಾಕಿದರು, ಅನ್ನ ಬಡಿಸಿದರು, ಗೌರಾಂಬ ತಾನೇ ಸಾರು ತಂದಳು. ಪಾನಕ ಕುಡಿದ ಮರಗಳ ಸಿಹಿಯಲ್ಲಿ ಎಲ್ಲರ ಮುಖವೂ ಅರಳಿತ್ತು. ನಾನು ಒಂದು ತುತ್ತು ಬಾಯಿಗಿಟ್ಟೆ. ಹಲ್ಲು ಜುಮ್ಮೆಂದು ಕಣ್ಣು ತಾನಾಗಿ ಮುಚ್ಚಿತು. ಹುಣಸೆ ಮಿತಿಮೀರಿ ಬಿದ್ದಿತ್ತು, ಉಪ್ಪು ಅದಕ್ಕಿಂತ ಹೆಚ್ಚು. ಸುತ್ತಲೂ ಎಲ್ಲರೂ ಕಲಸಿ ಕಲಸಿ ಉಣ್ಣುತ್ತಿದ್ದರು. ಪಂಚಾಕ್ಷರಪ್ಪನವರು ಇನ್ನೊಂದು ಸೌಟು ಹಾಕಿಸಿಕೊಂಡರು.

"ಗೌರಾ, ಸಾರು ಬಾಯಿಗಿಡೋ ಹಂಗಿಲ್ಲ" ಎಂದರು ಅತ್ತೆ, ಪಂಕ್ತಿಗೆಲ್ಲ ಕೇಳಿಸುವಂತೆ. "ಹುಳಿ, ಉಪ್ಪು ಎರಡೂ ಸುರಿದಿದೀಯ. ದನ ಕೂಡ ಕುಡಿಯಲ್ಲ ಇದನ್ನ."

ಪಂಕ್ತಿ ನಿಂತಿತು. "ಕಹಿ ಬಾಯಿಗೆ ಏನ್ ತಿಳೀತದೆ" ಎಂದರು ಯಾರೋ. ಗೌರಾಂಬ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ಬೆರಳದ್ದಿ ನೆಕ್ಕಿದಳು. ಮತ್ತೆ ನೆಕ್ಕಿದಳು. ಅಂಗೈ ತುಂಬ ಸುರಿದುಕೊಂಡು ಕುಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಿಜಾನಾ ಅಕ್ಕ?"

ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ನಾಮಕರಣದ ಮನೆಯ ಅಡುಗೆಕೋಣೆಯಲ್ಲಿ ಹುಣಸೆಯ ಎಸಳು ಜಗಿಯುತ್ತಾ ನಿಂತಿದ್ದ ನನ್ನ ಮುಖವೂ ಹೀಗೇ ಇದ್ದಿರಬೇಕು. ನನಗೆ ಬಂದದ್ದು ಸಿಟ್ಟು, ಅವಳ ಮೇಲಲ್ಲ.

"ನಿಜ" ಎಂದೆ. "ನಿನ್ನ ಕೈಯದಲ್ಲ ತಪ್ಪು. ನಿನ್ನ ಮರದಲ್ಲಿ ಹುಳ ಇದೆ. ಇಲ್ಲಿ ಸಾರು ಸುರ್ಕೊಂಡು ಉಂಡೋರೆಲ್ಲರ ಮರದಲ್ಲೂ ಇದೆ."

ಎದ್ದು ಹೋಗಿ, ಪಂಕ್ತಿಯ ತುದಿಯಲ್ಲಿ ಹೂ ಮುಡಿಸಿ ಇಟ್ಟಿದ್ದ ಹಿತ್ತಾಳೆ ಕೊಡವನ್ನು ಎರಡೂ ಕೈಯಲ್ಲಿ ಎತ್ತಿದೆ. ಅದರಲ್ಲಿ ಇನ್ನೂ ಕಾಲುಭಾಗ ಪಾನಕವಿತ್ತು. ಚರಂಡಿಗೆ ಸುರಿದೆ. ಪಂಚಾಕ್ಷರಪ್ಪನವರು ಎಂಜಲು ಕೈಯಲ್ಲೇ ಎದ್ದು ನಿಂತರು.

"ಅದು ಬೀದಿಯ ಕೊಡ" ಎಂದರು.

"ಕೊಡ ಅಲ್ಲೇ ಇದೆ, ನೋಡಿ" ಎಂದು ಅದನ್ನು ಅವರ ಎಲೆಯ ಮುಂದೆ ಬೋರಲು ಇಟ್ಟೆ. "ನಿಮ್ಮ ಸೊಸೇನ ಕರೆದು ಒಂದು ಎಸಳು ಹುಣಸೆ ತರಿಸ್ಕೊಳಿ. ಹುಳಿ ಹತ್ತಿದ್ರೆ ನಾಳೆ ಬಂದು ನನ್ನ ಸೌಟು ತಗೊಂಡು ಹೋಗಿ. ನಾನೇ ಕೊಡ್ತೀನಿ."

ಅವರು ಸೊಸೆಯನ್ನು ಕರೆಯಲಿಲ್ಲ. ಎಂಜಲು ಕೈ ಒಣಗುತ್ತಿದ್ದರೂ ತೊಳೆಯಲು ಹೋಗಲಿಲ್ಲ. ಪಂಕ್ತಿಯಲ್ಲಿ ಒಬ್ಬೊಬ್ಬರಾಗಿ ಎಲೆಯ ತುದಿಯ ಉಪ್ಪನ್ನು ಬೆರಳಿಗೆ ಹಚ್ಚಿಕೊಂಡು ನಾಲಗೆಗೆ ಇಟ್ಟುಕೊಳ್ಳುತ್ತಿದ್ದರು. ಗೌರಾಂಬ ಸಾರಿನ ಪಾತ್ರೆಯನ್ನು ನೆಲಕ್ಕಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಕೈ ಹಿಡಿದುಕೊಂಡಳು.

"ಬುಡದ ಯಾವ ಕಡೆಯಿಂದ ಕೆರೀಬೇಕು ಅಕ್ಕ, ತೋರಿಸು ಬಾ" ಎಂದಳು.